ರೊಟ್ಟಿ ಡಬ್ಬಿಯಿಂದ ಮರಳಿ ಬಂದದ್ದು: ನೈಟ್ ಲೈನಿನ ನನ್ನ ಅನುಭವ

"ಕಾಳು-ಸೊಪ್ಪು ತಿಂದ್ರ ಅದು ಸರಿ ಆಗತೈತೇನ್ ಕಾಕಾ?" ಎಂದು ಸ್ಟ್ಯಾಂಡಿನಲ್ಲಿ ನಕ್ಕವರಲ್ಲಿ ಮೂವರು ಈಗ ಮನೆಯಿಂದ ರೊಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದಾರೆ. ಶುಗರ್ ಬಂದ ಮೇಲೆ ಹೋಗಿದ್ದ ನಿಮಿರುವಿಕೆ ನಾರಿನ (ಫೈಬರ್) ಊಟ ಹಿಡಿದ ಮೇಲೆ ನನಗೆ ಹೇಗೆ ಮರಳಿತು ಎಂದು ಅದಕ್ಕೇ ಬರೆಯುತ್ತಿದ್ದೇನೆ. ನನಗೆ 48 ವರ್ಷ. ಹುಬ್ಬಳ್ಳಿ-ಬೆಂಗಳೂರು ಸ್ಲೀಪರ್ ಬಸ್ಸಿನ ಡ್ರೈವರ್, ಸುಮಾರು ಇಪ್ಪತ್ತು ವರ್ಷದ ನೈಟ್ ಡ್ಯೂಟಿ. ಶುಗರ್ ಇದ್ದು ಮನೆಯಲ್ಲಿ ಗ್ಲುಕೋಮೀಟರ್ ಇಟ್ಟುಕೊಂಡಿರುವ ಲೈನ್ ಗೆಳೆಯರಿಗೆ ಇದು. ಹೇಗೆ ಚುಚ್ಚಿಕೊಳ್ಳಬೇಕು, ಎಷ್ಟಿರಬೇಕು ಎಂಬುದೆಲ್ಲ ನಿಮಗೆ ಗೊತ್ತೇ ಇದೆ.

ಶುಗರ್ ಬಂದು ನಾಲ್ಕೈದು ವರ್ಷವಾಗಿತ್ತು. ಖಾಲಿ ಹೊಟ್ಟೆಯ ಶುಗರ್ (ಫಾಸ್ಟಿಂಗ್) 160ರ ಆಸುಪಾಸು, ಮೂರು ತಿಂಗಳ ಶುಗರ್ ಸರಾಸರಿ (HbA1c) 8ಕ್ಕೆ ಹತ್ತಿರ, ತೂಕ 86 ಕೆಜಿ. ಬೆಂಗಳೂರಲ್ಲಿ ಗಾಡಿ ನಿಲ್ಲಿಸಿದ ಮೇಲೆ ಮುಕ್ಕಾಲು ತಾಸು ಸಂಡಾಸಿನಲ್ಲಿ ಕೂತರೂ ಹೊಟ್ಟೆ ಖಾಲಿಯಾಗುತ್ತಿರಲಿಲ್ಲ. ಹಾಸಿಗೆಯಲ್ಲಿ ಮೊದಮೊದಲು ಅರ್ಧಕ್ಕೇ ಸಡಿಲಾಗುತ್ತಿತ್ತು, ಆಮೇಲೆ ಶುರುವೇ ಆಗದಂತಾಯಿತು. ಬೆಳಗಿನ ಜಾವ ತಾನಾಗಿ ಬರುವ ನಿಮಿರುವಿಕೆಯೂ ನಿಂತು ವರ್ಷ ಕಳೆದಿತ್ತು. ರಜೆಯ ದಿನವೂ ನಿದ್ದೆಯ ನೆಪ ಹೇಳಿ ಪಡಸಾಲೆಯಲ್ಲಿ ಮಲಗತೊಡಗಿದೆ.

ದುಡ್ಡು ಹೋದ ಲೆಕ್ಕ ಹೇಳಿಬಿಡುತ್ತೇನೆ. ಲಾಡ್ಜಿನಲ್ಲಿ ತಿಂಗಳಿಗೊಮ್ಮೆ ಬಂದು ಕೂರುತ್ತಿದ್ದ ಒಬ್ಬ ವೈದ್ಯನಿಗೆ ಮೂರು ಕಂತಿನಲ್ಲಿ ಹದಿನಾಲ್ಕೋ ಹದಿನೈದೋ ಸಾವಿರ. ಅವನ ಪುಡಿ ತಿಂದ ರಾತ್ರಿ ಕೆಲಸ ಆಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಮುಖ ಬಿಸಿಯಾಗಿ ಕೆಂಪಾಗುವುದು, ಮೂಗು ಕಟ್ಟುವುದು, ತಲೆ ಸಿಡಿಯುವುದು. ಮುಂದೆ ಶುಗರ್ ಡಾಕ್ಟರಿಗೆ ಇದನ್ನು ಹೇಳಿದಾಗ, ಇಂಥ ಪುಡಿಗಳಲ್ಲಿ ನಿಮಿರುವಿಕೆಯ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಹಾಕಿರುವುದುಂಟು ಎಂದರು. ಹೃದಯಕ್ಕೆ ನೈಟ್ರೇಟ್ ಮಾತ್ರೆ ತಗೊಳ್ಳುವವನು ಅದನ್ನು ತಿಂದರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದಂತೆ. ಅದರ ಮೇಲೆ ಲೇಹ್ಯ, ಎಣ್ಣೆ ಎಂದು ಇನ್ನೊಂದು ಏಳೆಂಟು ಸಾವಿರ.

ಹೆಂಡತಿಗೆ ಎಲ್ಲ ಹೇಳಿದ್ದು ಆಮೇಲೆ. ಅವಳಂದದ್ದು ಇಷ್ಟೇ: "ಮೊದ್ಲ ಹೊಟ್ಟಿ ಸುದ್ದ ಮಾಡ್ಕೋರಿ. ನಡುರಾತ್ರಿ ಮೈದಾ ತಿಂದು ಮೈ ಏನ್ ಕೇಳತೈತಿ?" ಡಾಕ್ಟರು ಹೇಳಿದ್ದೂ ಹೆಚ್ಚುಕಡಿಮೆ ಅದೇ. ನಿಮಿರಬೇಕಾದರೆ ರಕ್ತನಾಳ ಹಿಗ್ಗಬೇಕು. ಶುಗರ್, ಹೊಟ್ಟೆಯ ಬೊಜ್ಜು, ಒಳಗೊಳಗೇ ಇರುವ ಉರಿಯೂತ ಅದನ್ನು ಹಿಗ್ಗಲು ಬಿಡುವುದಿಲ್ಲ. ನಾರು ಸಕ್ಕರೆಯನ್ನು ರಕ್ತಕ್ಕೆ ನಿಧಾನವಾಗಿ ಬಿಡುತ್ತದೆ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅದೇ ನಾರನ್ನು ಹುದುಗಿಸಿ ಮಾಡುವ ಆಮ್ಲಗಳು ಕರುಳಿನ ಗೋಡೆಯನ್ನು ಗಟ್ಟಿಯಾಗಿಟ್ಟು ಆ ಉರಿಯೂತ ತಗ್ಗಲು ನೆರವಾಗುತ್ತವೆ. ಇಟಲಿಯ ನೇಪಲ್ಸ್‌ನವರು 110 ಮಂದಿ ದಪ್ಪ ಗಂಡಸರ ಮೇಲೆ ಮಾಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಮಾತನ್ನೂ ತೆಗೆದರು. ಊಟ, ವ್ಯಾಯಾಮ ಸರಿಮಾಡಿ ತೂಕ ಇಳಿಸಿದ ಗುಂಪಿನಲ್ಲಿ ಎರಡು ವರ್ಷದೊಳಗೆ ಸುಮಾರು ಮೂರರಲ್ಲಿ ಒಬ್ಬನಿಗೆ ಶಕ್ತಿ ಮರಳಿತ್ತಂತೆ. ಮೂರರಲ್ಲಿ ಒಬ್ಬ ನಾನಾಗಬಾರದೇಕೆ ಅನ್ನಿಸಿತು.

ಲೆಕ್ಕ ಹಾಕಿದೆ. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು ಮೂರು ಗ್ರಾಂ ಕೂಡ ಇಲ್ಲ. ಜೋಳದಲ್ಲಿ ಹತ್ತು, ಇಡೀ ಹೆಸರುಕಾಳಿನಲ್ಲಿ ಹದಿನೇಳರ ಹತ್ತಿರ, ಇಡೀ ಕಡಲೆಯಲ್ಲಿ ಇಪ್ಪತ್ತೈದು, ಅಗಸಿಯಲ್ಲಿ ಅದಕ್ಕಿಂತ ಒಂದು ಕೈ ಮೇಲೆ. ದಿನಕ್ಕೆ ಮೂವತ್ತಾದರೂ ಬೇಕು. ಢಾಬಾದ ಪರೋಟ, ರೈಸು ಸೇರಿ ನನಗೆ ಸಿಗುತ್ತಿದ್ದದ್ದು ಹನ್ನೆರಡೋ ಹದಿಮೂರೋ. ನಮ್ಮವ್ವ ದಿನಾ ಬಡಿಯುತ್ತಿದ್ದ ರೊಟ್ಟಿ, ಮಡಿಕಿಕಾಳಿನ ಪಲ್ಯ, ಹಸಿ ಮೆಂತ್ಯಸೊಪ್ಪು, ಅಗಸಿ ಹಿಂಡಿ (ಚಟ್ನಿಪುಡಿ) ತಿಂದಿದ್ದರೆ ನಲವತ್ತು ತಾನಾಗಿ ಆಗುತ್ತಿತ್ತು. ಊರ ಊಟ ಬಿಟ್ಟು ರಸ್ತೆಯ ಊಟ ಹಿಡಿದದ್ದೇ ನನ್ನ ರೋಗ ಎಂದು ನಾನು ಈಗಲೂ ಗಟ್ಟಿಯಾಗಿ ಹೇಳುತ್ತೇನೆ.

ಆದರೆ ಆತುರಪಟ್ಟು ಕೆಟ್ಟೆ. ಒಂದೇ ದಿನ ಎಲ್ಲ ಶುರುಮಾಡಿದೆ. ಹಾವೇರಿ ದಾಟುವಷ್ಟರಲ್ಲಿ ಹೊಟ್ಟೆ ಡೋಲಿನಂತಾಗಿ, ದಾವಣಗೆರೆಯಲ್ಲಿ ಎರಡನೇ ಡ್ರೈವರನ್ನು ಎಬ್ಬಿಸಿ ಸೀಟು ಬಿಟ್ಟುಕೊಡಬೇಕಾಯಿತು. ಇನ್ನೊಮ್ಮೆ ಇಸಬ್‌ಗೋಲ್ ಮೂರು ಚಮಚ ನುಂಗಿ ನೀರು ಕುಡಿಯಲಿಲ್ಲ. ನಡುವೆ ಗಾಡಿ ನಿಲ್ಲಿಸಬೇಕಾಗುತ್ತದೆಂದು ನಾವು ನೀರು ಕುಡಿಯದೇ ಓಡಿಸುವವರಲ್ಲವೇ. ಮೂರು ದಿನ ಹೊಟ್ಟೆ ಕಲ್ಲು. ಸೈಡಿನಲ್ಲಿ ಎರಡು ಲೀಟರಿನ ಬಾಟಲಿ ಇಡದವನು ನಾರಿಗೆ ಕೈಹಾಕಬೇಡಿ. ಆಮೇಲೆ ದಾರಿ ಬದಲಿಸಿದೆ: ಮೊದಲ ವಾರ ಅನ್ನದ ಬದಲು ಎರಡು ರೊಟ್ಟಿ, ಎರಡನೇ ವಾರ ಅರ್ಧ ಬಟ್ಟಲು ಮೊಳಕೆಕಾಳು, ಮೂರನೇ ವಾರ ಅಗಸಿ ಹಿಂಡಿ. ನಾರನ್ನು ವಾರಕ್ಕೆ ಐದಾರು ಗ್ರಾಂಗಿಂತ ಹೆಚ್ಚು ಏರಿಸಲಿಲ್ಲ. ಜೊತೆಗೆ ಬೆಂಗಳೂರಲ್ಲಿ ಎದ್ದ ಮೇಲೆ ಮುಕ್ಕಾಲು ತಾಸು ನಡಿಗೆ.

ಹೊಟ್ಟೆ ಮೂರು ವಾರದಲ್ಲಿ ದಾರಿಗೆ ಬಂತು. ಉಳಿದದ್ದಕ್ಕೆ ಕಾಯಬೇಕಾಯಿತು. ಎರಡು ತಿಂಗಳಾದರೂ ಏನೂ ಕಾಣದೆ ಬಿಟ್ಟುಬಿಡುವವನಿದ್ದೆ. ನಾಲ್ಕನೇ ತಿಂಗಳಿನಲ್ಲಿ ಒಂದು ಮುಂಜಾನೆ ಎಚ್ಚರವಾದಾಗ ತಾನಾಗಿ ನಿಮಿರಿತ್ತು. ನಾನು ಅಲುಗದೆ ಮಲಗಿಯೇ ಇದ್ದೆ, ಕಣ್ಣು ತುಂಬಿತ್ತು. ಏಳನೇ ತಿಂಗಳಿನಿಂದ ಪಡಸಾಲೆಯ ಹಾಸಿಗೆ ಸುತ್ತಿಟ್ಟಿದ್ದೇವೆ. ಈಗ ತೂಕ 77, ಸರಾಸರಿ 6.5ರ ಹತ್ತಿರ, ಶುಗರ್ ಮಾತ್ರೆಯನ್ನು ಡಾಕ್ಟರೇ ಅರ್ಧ ಮಾಡಿದ್ದಾರೆ. ನಾನಾಗಿ ಒಂದೂ ಮಾತ್ರೆ ಬಿಟ್ಟಿಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಬಿಸಿ ಅನ್ನಕ್ಕಿಂತ ತಂಗಳನ್ನ ಶುಗರ್ ಕಡಿಮೆ ಏರಿಸುತ್ತದೆ, ತಣಿದಾಗ ಪಿಷ್ಟದ ಒಂದಿಷ್ಟು ಭಾಗ ನಾರಿನಂತಾಗುತ್ತದೆ ಎಂದು ಕೇಳಿದ್ದೆ. ಗ್ಲುಕೋಮೀಟರ್ ಸ್ಟ್ರಿಪ್‌ಗೆ ಸಾವಿರದೈನೂರು ಸುಟ್ಟು ನೋಡಿದೆ. ಎರಡು ಸಲ ಇಪ್ಪತ್ತು-ಮೂವತ್ತು ಅಂಕಿ ಕಡಿಮೆ ಬಂತು, ಮೂರನೇ ಸಲ ಉಲ್ಟಾ. ಅದನ್ನು ಬಿಟ್ಟೆ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ನಮಗೆ ಅದೇ ಸಾಕು. ಹೆಂಡತಿಯ ತೊಂದರೆಗೆ ಮಾತ್ರ ನನ್ನ ಡಬ್ಬಿ ನಡೆಯಲಿಲ್ಲ. ಮುಟ್ಟು ನಿಂತ ಮೇಲೆ ಒಣಗಿ ನೋಯುತ್ತಿದ್ದದ್ದಕ್ಕೆ ಡಾಕ್ಟರಮ್ಮ ಬರೆದುಕೊಟ್ಟ ಕ್ರೀಮೇ ಗುಣ ಕೊಟ್ಟಿತು. ನಾವು ಗಂಡಸರು ನಮ್ಮದನ್ನಷ್ಟೇ ರಿಪೇರಿ ಮಾಡಿಕೊಂಡರೆ ಅರ್ಧ ಕೆಲಸವೂ ಆಗಿರುವುದಿಲ್ಲ.

ಅಗಸಿ ಹಿಂಡಿಗೆ ಅವಳು ಹಾಕುವ ಇನ್ನೆರಡು ಪದಾರ್ಥ, ಅವುಗಳ ಅಳತೆ ಇಲ್ಲಿ ಬರೆಯುವುದಿಲ್ಲ. ಮೊಳಕೆಕಾಳಿನ ಪಲ್ಯ ರಾತ್ರಿ ಒಂದು ಗಂಟೆಯವರೆಗೆ ಕ್ಯಾಬಿನ್ನಿನ ಕಾವಿನಲ್ಲಿ ಹಳಸದಂತೆ ಕಟ್ಟುವುದೂ ನನ್ನ ಕೈಲಿರಲಿ. ಹುಬ್ಬಳ್ಳಿಗೆ ಬಂದವರಿಗೆ ಡಬ್ಬಿ ಬಿಚ್ಚಿಯೇ ತೋರಿಸುತ್ತೇನೆ.

ಒಂದನ್ನು ಮಾತ್ರ ಬಚ್ಚಿಡಲಾರೆ. ನಿಮಿರುವ ಆ ಭಾಗದ ರಕ್ತನಾಳ ಹೃದಯದ್ದಕ್ಕಿಂತ ಸಣ್ಣದು, ಹಾಗಾಗಿ ಕಟ್ಟಿಕೊಳ್ಳುವುದು ಮೊದಲು ಅಲ್ಲಿ ಗೊತ್ತಾಗುತ್ತದೆ ಎಂದು ಡಾಕ್ಟರು ಹಟ ಹಿಡಿದು ಇಸಿಜಿ, ಟ್ರೆಡ್‌ಮಿಲ್ ಎರಡೂ ಮಾಡಿಸಿದರು. ಎರಡು ಸಾವಿರದೊಳಗೆ ಮುಗಿಯಿತು, ವರದಿ ಚೆನ್ನಾಗಿ ಬಂತು. ನನ್ನದೇ ವಯಸ್ಸಿನ ಇನ್ನೊಬ್ಬ ಡ್ರೈವರನನ್ನು ಎಳೆದುಕೊಂಡು ಹೋಗಿ ಮಾಡಿಸಿದೆ. ಮುಂದಿನ ಪರೀಕ್ಷೆಯಲ್ಲಿ ಅವನ ಹೃದಯದ ರಕ್ತನಾಳದಲ್ಲಿ ಎರಡು ಬ್ಲಾಕ್ ಸಿಕ್ಕವು. ಸ್ಟೆಂಟ್ ಹಾಕಿಸಿಕೊಂಡು ಈಗ ಹಗಲು ಲೈನಿಗೆ ಬಂದಿದ್ದಾನೆ, ಅವನ ಡಬ್ಬಿಗೂ ನಾಲ್ಕು ರೊಟ್ಟಿ ನಮ್ಮ ಮನೆಯಿಂದಲೇ ಹೋಗುತ್ತವೆ.