ಪಹಣಿಯ ಚುಕ್ಕೆ ದಶಾಂಶವಲ್ಲ: ಗುಂಟೆ-ಆಣೆಯನ್ನು ಹೆಕ್ಟೇರಿಗೆ ತರುವ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟದ ಮಾತು ಬಂದರೆ ಎಕರೆ, ಗುಂಟೆ, ಆಣೆ. ಅಡಿಕೆ ಬೆಳೆ ವಿಮೆಯ ಮೊತ್ತ ಹೆಕ್ಟೇರಿನ ಲೆಕ್ಕದಲ್ಲಿ, ಸಸಿ ನೆಡುವ ಅಂತರದ ಶಿಫಾರಸು ಮೀಟರಿನಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹೆಚ್ಚಿನವರು ಎಡವುವುದು ಗುಣಾಕಾರದಲ್ಲಲ್ಲ, ಅಂಕಿಗಳ ನಡುವಿನ ಚುಕ್ಕೆಯಲ್ಲಿ.

ಪಹಣಿಯಲ್ಲಿ 1-12-8 ಎಂದೋ 1.12.8 ಎಂದೋ ಇದ್ದರೆ ಅದು 1 ಎಕರೆ 12 ಗುಂಟೆ 8 ಆಣೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಹತ್ತರ ಲೆಕ್ಕ ಇಲ್ಲಿ ಎಲ್ಲೂ ಇಲ್ಲ. ಆದ್ದರಿಂದ 12 ಗುಂಟೆ ಎಂದರೆ 0.12 ಎಕರೆ ಅಲ್ಲ, 0.30 ಎಕರೆ. 20 ಗುಂಟೆ ಅರ್ಧ ಎಕರೆ.

ಮೊದಲು ಒಟ್ಟು ವಿಸ್ತೀರ್ಣದಿಂದ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಕಳೆದು ಉಳಿದದ್ದನ್ನು ಹಿಡಿಯಿರಿ. ಆಮೇಲೆ ಎಲ್ಲವನ್ನೂ ಗುಂಟೆಗೆ ಇಳಿಸಿ: ಎಕರೆಯನ್ನು 40ರಿಂದ ಗುಣಿಸಿ, ಗುಂಟೆ ಕೂಡಿಸಿ, ಆಣೆಯನ್ನು 16ರಿಂದ ಭಾಗಿಸಿ ಸೇರಿಸಿ. ಮೇಲಿನ ಉದಾಹರಣೆಯಲ್ಲಿ 40 + 12 + 0.5, ಅಂದರೆ 52.5 ಗುಂಟೆ. ಒಂದು ಗುಂಟೆ 101.17 ಚದರ ಮೀಟರ್. ಗುಣಿಸಿದರೆ 5,311 ಚದರ ಮೀಟರ್. 10,000ದಿಂದ ಭಾಗಿಸಿದರೆ 0.531 ಹೆಕ್ಟೇರ್. ಇದನ್ನೇ 1.12 ಎಕರೆ ಎಂದು ಓದಿ 4,046.86ರಿಂದ ಗುಣಿಸಿದವರಿಗೆ ಸಿಗುವುದು 4,532 ಚದರ ಮೀಟರ್. ಕೈತಪ್ಪಿದ್ದು 779 ಚದರ ಮೀಟರ್, ಏಳೂವರೆ ಗುಂಟೆಗೂ ಮಿಕ್ಕಿ. ನೂರಕ್ಕೂ ಹೆಚ್ಚು ಅಡಿಕೆ ಮರ ನಿಲ್ಲುವ ಜಾಗ ಅದು.

ಹೆಕ್ಟೇರಿನಿಂದ ಹಿಂದಕ್ಕೆ ಬರಬೇಕಾದರೂ ದಾರಿ ಇದೇ. 1 ಹೆಕ್ಟೇರ್ 2.471 ಎಕರೆ. ಇಲ್ಲಿಯ .471 ನಿಜವಾದ ದಶಾಂಶ. 40ರಿಂದ ಗುಣಿಸಿದರೆ 18.84 ಗುಂಟೆ. ಉಳಿದ .84ನ್ನು 16ರಿಂದ ಗುಣಿಸಿದರೆ ಹದಿಮೂರೂವರೆ ಆಣೆಗೆ ಸ್ವಲ್ಪ ಕಡಿಮೆ.

ಗುಂಟೆಯನ್ನು ಕಣ್ಣಿಗೆ ಕಟ್ಟಿಕೊಳ್ಳಬೇಕೆಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ ನೆನಪಿಡಿ: 1,089 ಚದರ ಅಡಿ. ಆಣೆ ಎಂದರೆ ಅದೇ ಚೌಕದಿಂದ ಕತ್ತರಿಸಿದ, 33 ಅಡಿ ಉದ್ದ, ಎರಡು ಅಡಿಗಿಂತ ಮುಕ್ಕಾಲು ಇಂಚು ಹೆಚ್ಚು ಅಗಲದ ಪಟ್ಟಿ. ಭಟ್ಕಳ ದಾಟಿ ಉಡುಪಿ ಜಿಲ್ಲೆಗೆ ಹೋದರೆ ಜನ ಸೆಂಟ್ಸ್‌ನಲ್ಲಿ ಮಾತಾಡುತ್ತಾರೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ಈಗಿನ ಉಡುಪಿಯೂ ಸೇರಿದ್ದ ಅಂದಿನ ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ನೂರು ಸೆಂಟ್ಸಿಗೆ ಒಂದು ಎಕರೆ, ಎರಡೂವರೆ ಸೆಂಟ್ಸಿಗೆ ಒಂದು ಗುಂಟೆ. ಅಲ್ಲಿ ಮಾತ್ರ 1.12 ಎಕರೆ ನಿಜಕ್ಕೂ 1.12 ಎಕರೆಯೇ. ಎರಡೂ ಕಡೆ ಜಮೀನಿರುವ ಮನೆಯವರು ಈ ವ್ಯತ್ಯಾಸವನ್ನು ಕಡತದ ಮೇಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಟೇಪು ಹಿಡಿಯುವಾಗ

ಟೇಪಿನ ಒಂದು ಮುಖದಲ್ಲಿ ಅಡಿ-ಇಂಚು, ಇನ್ನೊಂದರಲ್ಲಿ ಮೀಟರ್ ಇರುತ್ತದೆ. ಮೀಟರಿನ ಮುಖವನ್ನೇ ಬಳಸಿ. ಅಡಿಯಲ್ಲಿ ಅಳೆದವರು 33 ಅಡಿ 11 ಇಂಚನ್ನು ಕ್ಯಾಲ್ಕುಲೇಟರಿನಲ್ಲಿ 33.11 ಎಂದು ಒತ್ತುತ್ತಾರೆ. ಸರಿಯಾದದ್ದು 33.92. ಹತ್ತಿರ ಹತ್ತಿರ ಹತ್ತು ಇಂಚು ಅಲ್ಲೇ ಹೋಯಿತು. ಟೇಪಿನ ಸೊನ್ನೆ ಕೊಕ್ಕೆಯ ತುದಿಯಿಂದ ಶುರುವಾಗುತ್ತದೋ, ಒಳಗಿನ ಗೆರೆಯಿಂದಲೋ ಎಂಬುದನ್ನೂ ಮೊದಲೇ ನೋಡಿಕೊಳ್ಳಿ.

ದಾಖಲೆಯ ವಿಸ್ತೀರ್ಣ ಸಮತಲದ್ದು. ನಮ್ಮ ತೋಟಗಳು ಕಣಿವೆಯಲ್ಲಿವೆ, ಅಂಚು ಏರುತ್ತಾ ಹೋಗುತ್ತದೆ. 20 ಮೀಟರಿಗೆ 4 ಮೀಟರ್ ಏರುವ ಕಡೆ ಟೇಪನ್ನು ನೆಲಕ್ಕೆ ತಾಗಿಸಿ ಅಳೆದರೆ ಬರುವುದು 20, ಸಮತಲದ ಅಳತೆ 19.6. ಏರಿನಲ್ಲಿ ಐದೈದು ಮೀಟರಿನಂತೆ ಮೆಟ್ಟಿಲು ಮೆಟ್ಟಿಲಾಗಿ ಅಳೆಯಿರಿ. ಟೇಪು ಮಟ್ಟವಾಗಿರಲಿ, ಎತ್ತಿ ಹಿಡಿದ ತುದಿಯಿಂದ ತೂಗುಗುಂಡು ಬಿಟ್ಟು ನೆಲದ ಗುರುತು ಮಾಡಿ.

ಸೊಟ್ಟ ಜಾಗದ ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುವ ರೂಢಿಯನ್ನು ಬಿಡಲೇಬೇಕು. ನಾಲ್ಕು ಮೂಲೆಯೂ ಸರಿಯಾಗಿ ಕೂಡಿದ ಆಯತವಲ್ಲದಿದ್ದರೆ ಉತ್ತರ ಯಾವಾಗಲೂ ನಿಜಕ್ಕಿಂತ ಹೆಚ್ಚೇ ಬರುತ್ತದೆ; ಮಾರುವವರಿಗೆ ಲಾಭ, ಕೊಳ್ಳುವವರಿಗೆ ನಷ್ಟ. ಕರ್ಣ ಎಳೆದು ಎರಡು ತ್ರಿಕೋನ ಮಾಡಿ, ಒಂದೊಂದರ ಮೂರು ಬದಿ ಅಳೆಯಿರಿ. ಬದಿಗಳು 26, 28, 30 ಮೀಟರ್ ಎಂದುಕೊಳ್ಳಿ. ಮೊತ್ತದ ಅರ್ಧ 42. ಅದರಿಂದ ಒಂದೊಂದು ಬದಿ ಕಳೆದರೆ 16, 14, 12. ನಾಲ್ಕನ್ನೂ ಗುಣಿಸಿದರೆ 1,12,896. ವರ್ಗಮೂಲ 336 ಚದರ ಮೀಟರ್. ಗುಂಟೆಯಲ್ಲಿ 3.32, ಅಂದರೆ 3 ಗುಂಟೆ 5 ಆಣೆ.

ಸಸಿಯ ಅಂತರ

ಅಡಿಕೆಗೆ ಶಿಫಾರಸಾದ ಅಂತರ 2.7 ಮೀಟರ್. ನಾವು ಅದನ್ನು ಒಂಬತ್ತು ಅಡಿ ಎನ್ನುತ್ತೇವೆ, ಆದರೆ ಒಂಬತ್ತು ಅಡಿ 2.743 ಮೀಟರ್. ಎಕರೆಗೆ ಮೊದಲ ಲೆಕ್ಕದಲ್ಲಿ 555 ಸಸಿ, ಎರಡನೆಯದರಲ್ಲಿ 538. ಯಾವುದನ್ನು ಹಿಡಿದರೂ ತೋಟ ಬರುತ್ತದೆ. ಬೆರೆಸಿದರೆ ಮಾತ್ರ ಕೆಡುತ್ತದೆ. ಒಂದು ಸಾಲಿಗೆ ಅಡಿಯಲ್ಲಿ, ಪಕ್ಕದ ಸಾಲಿಗೆ ಮೀಟರಿನಲ್ಲಿ ಗೂಟ ಹೊಡೆದರೆ ಐವತ್ತನೆಯ ಸಸಿಯ ಹೊತ್ತಿಗೆ 2 ಮೀಟರಿಗೂ ಹೆಚ್ಚು ಸರಿದಿರುತ್ತದೆ. 2.7 ಮೀಟರಿನ ಒಂದು ಗಳ ಕತ್ತರಿಸಿ ಇಡೀ ತೋಟಕ್ಕೆ ಅದನ್ನೇ ಬಳಸಿ.

ಮಾರು, ಕೊಳಗ

ಕಾರವಾರ, ಅಂಕೋಲೆಯ ಕರಾವಳಿಯಲ್ಲಿ ನೀರಿನ ಆಳಕ್ಕೂ ಹಗ್ಗಕ್ಕೂ ಮಾರು. ಪುಸ್ತಕದ ಮಾರು 6 ಅಡಿ, 1.83 ಮೀಟರ್. ಚಾಚಿದ ಕೈಯ ಮಾರು ಅಳೆಯುವವರ ಮೈಕಟ್ಟಿಗೆ ತಕ್ಕಂತೆ. ಎರಡು ಕೈ ಚಾಚಿದರೆ 1.65 ಮೀಟರ್ ಬರುವವರು 50 ಮಾರು ಅಳೆದ ಹಗ್ಗ 82.5 ಮೀಟರ್, ಪುಸ್ತಕದ ಲೆಕ್ಕಕ್ಕೆ ಸುಮಾರು 9 ಮೀಟರ್ ಕಡಿಮೆ. ಲಂಗರಿನ ಹಗ್ಗದಲ್ಲಿ ಇಷ್ಟು ಕೊರತೆ ಅಪಾಯ. ಅಂಗಡಿಯಲ್ಲಿ ಮೀಟರಿನಲ್ಲೇ ಅಳೆಸಿ ತನ್ನಿ.

ಅಟ್ಟದ ಮೇಲಿನ ಕೊಳಗ, ಸೇರಿಗೆ ಯಾವ ಕೋಷ್ಟಕವನ್ನೂ ನಂಬಬೇಡಿ, ಊರಿಂದೂರಿಗೆ ಅವು ಬೇರೆ. ಲೋಹದ್ದಾದರೆ ಕಂಠದವರೆಗೆ ನೀರು ತುಂಬಿ ತೂಗಿ, ಪಾತ್ರೆಯ ತೂಕ ಕಳೆಯಿರಿ: ಉಳಿದ ಕಿಲೋ ಎಷ್ಟೋ ಲೀಟರ್ ಅಷ್ಟು. ಮರದ್ದಾದರೆ ನೀರು ಹೀರುತ್ತದೆ. ಅಕ್ಕಿ ತುಂಬಿ, ಅಂಚಿಗೆ ಮಟ್ಟವಾಗಿ ಒರೆಸಿ, ಲೀಟರ್ ಗುರುತಿರುವ ಪಾತ್ರೆಗೆ ಸುರಿದು ನೋಡಿ. ಹೀಗೆ ಸಿಕ್ಕಿದ್ದು ಗಾತ್ರವಷ್ಟೇ. ಒಂದೇ ಕೊಳಗದಲ್ಲಿ ಭತ್ತದ ತೂಕ ಅಕ್ಕಿಗಿಂತ ಕಡಿಮೆ, ಆದ್ದರಿಂದ ಎರಡನ್ನೂ ಬೇರೆ ಬೇರೆ ತೂಗಿ, ಅಂಕಿಯನ್ನು ಕೊಳಗದ ತಳದಲ್ಲೇ ಬರೆದಿಡಿ.