ಒಂದು ಕಿಲೋ ಉಪ್ಪು ಎಷ್ಟು ದಿನ ಬರಬೇಕು? ಕರಾವಳಿಯ ಅಡುಗೆಮನೆಯಲ್ಲಿ ಸೋಡಿಯಂ ಇಳಿಸುವ ಕ್ರಮ

ಉಪ್ಪು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದ ದಿನ ಹೆಚ್ಚಿನ ಮನೆಗಳಲ್ಲಿ ಮೊದಲು ಸಪ್ಪೆಯಾಗುವುದು ಸಾರು ಮತ್ತು ಪಲ್ಯ. ನಾಲ್ಕು ದಿನ ಹಾಗೆ ಉಂಡು, ಐದನೆಯ ದಿನ ಬಾಯಿಗೆ ರುಚಿ ಹತ್ತದೆ ಉಪ್ಪಿನಕಾಯಿಯ ಭರಣಿಗೆ ಕೈ ಹೋಗುತ್ತದೆ, ಪ್ರಯತ್ನ ಅಲ್ಲಿಗೇ ನಿಲ್ಲುತ್ತದೆ. ಮಂಗಳೂರು, ಉಡುಪಿಯ ಕಡೆಯ ಊಟದಲ್ಲಿ ಉಪ್ಪು ನಮಗೆ ತಿಳಿಯದಂತೆ ಏರುವುದು ಬಟ್ಟಲಿನ ಬದಿಯಿಂದ, ಅಂದರೆ ಗಂಜಿಗೆ ನಂಜಿಕೊಳ್ಳುವ ವಸ್ತುಗಳಿಂದ ಎಂಬುದು ನನ್ನ ಅನುಭವ. ಆದ್ದರಿಂದ ಇಳಿಸುವ ಕೆಲಸವೂ ಅಲ್ಲಿಂದಲೇ ಆರಂಭವಾಗಬೇಕು.

ಅದಕ್ಕೂ ಮೊದಲು ಅಳತೆ ತಿಳಿದಿರಬೇಕು. ವಯಸ್ಕರು ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನ ತೂಕದಲ್ಲಿ ಶೇಕಡಾ 40ರಷ್ಟು ಸೋಡಿಯಂ ಇರುವುದರಿಂದ ಇದು 5 ಗ್ರಾಂ ಉಪ್ಪಿಗೆ ಸಮ. ಟೀ ಚಮಚದಲ್ಲಿ ಅಳೆದರೆ ಒಂದು ಚಮಚಕ್ಕಿಂತ ತುಸು ಕಡಿಮೆ. ಸೋಡಿಯಂ ಹೆಚ್ಚಾದಾಗ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ, ವರ್ಷಗಟ್ಟಲೆ ಹಾಗೆಯೇ ಮುಂದುವರಿದರೆ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ಚಮಚದ ಲೆಕ್ಕವನ್ನು ದಿನದಿನವೂ ಇಡುವುದು ಯಾರಿಗೂ ಆಗದ ಮಾತು. ಅದರ ಬದಲು, ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆಯೇ ತಾರೀಕು ಬರೆದಿಡಿ. ನಾಲ್ವರಿರುವ ಮನೆಗೆ ದಿನಕ್ಕೆ 20 ಗ್ರಾಂನಂತೆ ಒಂದು ಕಿಲೋ ಉಪ್ಪು 50 ದಿನ ಬರಬೇಕು. ನಮ್ಮ ಮನೆಯಲ್ಲಿ ಮೊದಲ ಸಲ ಹೀಗೆ ಬರೆದಿಟ್ಟಾಗ ಅದು 31 ದಿನಕ್ಕೇ ಮುಗಿದಿತ್ತು, ಅಂದರೆ ತಲಾ 8 ಗ್ರಾಂ. ಹೋಟೆಲಿನ ತಿಂಡಿ, ಅಂಗಡಿಯ ಹಪ್ಪಳ, ಬೇಕರಿಯ ಖಾರ ಇವೆಲ್ಲ ಆ ಲೆಕ್ಕದ ಹೊರಗೇ ಉಳಿಯುತ್ತವೆಯಾದ್ದರಿಂದ ಪ್ಯಾಕೆಟ್ 50 ದಿನಕ್ಕಿಂತಲೂ ಹೆಚ್ಚು ಬಂದರೆ ಮಾತ್ರ ನಿಜವಾಗಿ ಹದ ಸಿಕ್ಕಿದೆ ಎನ್ನಬಹುದು.

ಇನ್ನು ಬಟ್ಟಲಿನ ಬದಿಗೆ ಬರೋಣ. ಕುಚ್ಚಲಕ್ಕಿ ಗಂಜಿಗೆ ಒಂದು ಚಿಟಿಕೆ ಉಪ್ಪು ಬೆರೆಸಿ, ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸು ಅಥವಾ ಸುಟ್ಟ ಒಣಮೀನು ಇಟ್ಟುಕೊಂಡರೆ ಒಂದೇ ಊಟದಲ್ಲಿ ನಾಲ್ಕು ಕಡೆಯಿಂದ ಉಪ್ಪು ಸೇರುತ್ತದೆ. ಒಂದು ಊಟಕ್ಕೆ ಇವುಗಳಲ್ಲಿ ಒಂದು ಮಾತ್ರ ಎಂಬ ನಿಯಮ ಮಾಡಿಕೊಳ್ಳಿ, ಮತ್ತು ಅಂತಹದೊಂದು ಇರುವಾಗ ಗಂಜಿಗೆ ಉಪ್ಪು ಹಾಕಬೇಡಿ. ಸಪ್ಪೆ ಗಂಜಿಯ ಜೊತೆ ಉಪ್ಪಿನಕಾಯಿಯ ಒಂದು ಹೋಳು ಎಷ್ಟು ರುಚಿಯೆಂಬುದು ಉಂಡವರಿಗೆ ಗೊತ್ತು. ಗಂಜಿಗೂ ಉಪ್ಪು ಬಿದ್ದಾಗ ಆ ರುಚಿ ಅರ್ಧ ಮಾಸುತ್ತದೆ.

ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನಕಾಯಿ, ಹಲಸಿನ ಉಪ್ಪುಸೊಳೆ ಮತ್ತು ಒಣಮೀನನ್ನು ಪೂರ್ತಿ ಬಿಡಬೇಕೆಂದು ನಾನು ಹೇಳಲಾರೆ. ಮಳೆಗಾಲದಲ್ಲಿ ತರಕಾರಿ ಸಿಗದ ದಿನಗಳಿಗೆಂದು ಹಿರಿಯರು ಕೂಡಿಟ್ಟ ಆಹಾರವದು, ನಮ್ಮ ನಾಲಗೆ ಬೆಳೆದದ್ದೂ ಅದರಲ್ಲಿಯೇ. ಆದರೆ ಅವುಗಳ ಉಪ್ಪು ಬಿಡಿಸುವ ಕೆಲಸದಲ್ಲಿ ಅವಸರ ಸಲ್ಲದು. ಭರಣಿಯಿಂದ ತೆಗೆದ ಸುಕ್ಕುಗಟ್ಟಿದ ಮಾವಿನಕಾಯಿಯನ್ನು ಮೇಲಿಂದ ತೊಳೆದರೆ ಸಿಪ್ಪೆಯ ಉಪ್ಪಷ್ಟೇ ಹೋಗುತ್ತದೆ. ಗೊರಟಿನಿಂದ ಬಿಡಿಸಿ, ತೆಳುವಾಗಿ ಹೆಚ್ಚಿ, ಧಾರಾಳ ನೀರಿನಲ್ಲಿ ಮುಳುಗಿಸಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಆ ನೀರಿನ ಒಂದು ಹನಿಯನ್ನು ನಾಲಗೆಗೆ ತಾಗಿಸಿ ನೋಡಿದರೆ ಸಮುದ್ರದ ನೀರನ್ನು ನೆನಪಿಸುವಷ್ಟು ಉಪ್ಪಾಗಿರುತ್ತದೆ. ಅದನ್ನು ಚೆಲ್ಲಿ, ಹೊಸ ನೀರು ಹಾಕಿ ಇನ್ನೊಂದು ಗಂಟೆ ಬಿಟ್ಟು, ಒಂದು ಚೂರನ್ನು ಕಚ್ಚಿ ನೋಡಿ: ಹುಳಿ ಮುಂದೆ ಬಂದು ಉಪ್ಪು ಹಿಂದೆ ಸರಿದಿದ್ದರೆ ಹದವಾಗಿದೆ. ತೆಂಗಿನಕಾಯಿ, ಕಾಯಿಮೆಣಸು ಸೇರಿಸಿ ಚಟ್ನಿ ಅರೆಯುವಾಗ ಬೇರೆ ಉಪ್ಪು ಬೇಡವೇ ಬೇಡ. ಉಪ್ಪುಸೊಳೆಗೂ ಇದೇ ಕ್ರಮ. ಒಣಮೀನನ್ನು ಅರ್ಧ ಗಂಟೆ ನೆನೆಸಿ, ಎರಡು ಸಲ ನೀರು ಬದಲಿಸಿ ಬಳಸಬಹುದು. ಎಷ್ಟು ತೊಳೆದರೂ ಉಪ್ಪು ಪೂರ್ತಿ ಹೋಗದಿರುವುದರಿಂದ ಅದು ಅಪರೂಪಕ್ಕೆ ಮಾತ್ರ ಇರಲಿ.

ಒಲೆಯ ಮೇಲಿನ ಪದಾರ್ಥಕ್ಕೆ ಉಪ್ಪು ಇಳಿಸಲು ನಮ್ಮಲ್ಲಿ ಹುಳಿಯ ಬಲವಿದೆ. ಹುಳಿ ಮತ್ತು ಒಗ್ಗರಣೆಯ ಘಮ ಮುಂದಿದ್ದಾಗ ನಾಲಗೆ ಉಪ್ಪಿನ ಕೊರತೆಯನ್ನು ಬೇಗ ಗುರುತಿಸುವುದಿಲ್ಲ. ಪುನರ್ಪುಳಿ ಸಾರು, ಅಂಬಟೆ ಹಾಕಿದ ಮೆಣಸುಕಾಯಿ ಗೊಜ್ಜು, ಬೆಳ್ಳುಳ್ಳಿ ಒಗ್ಗರಣೆಯ ಕೊದ್ದೆಲ್ ಮತ್ತು ಮಜ್ಜಿಗೆಯ ತಂಬುಳಿಗಳಲ್ಲಿ ಉಪ್ಪನ್ನು ಮೂರನೆಯ ಒಂದು ಪಾಲು ತಗ್ಗಿಸಿದರೂ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಅಂದಾಜಿಗೆ ಕೈಯಿಂದ ಉದುರಿಸುವ ಬದಲು, ಒಲೆ ಆರಿಸುವ ಹೊತ್ತಿಗೆ ಚಮಚದಲ್ಲಿ ಅಳೆದು ಹಾಕಿ.

ಸೋಡಿಯಂ ಉಪ್ಪಿನಲ್ಲಿ ಮಾತ್ರ ಇರುವುದಲ್ಲ. ಬನ್ಸ್ ಮತ್ತು ಗೋಳಿಬಜೆಗೆ ಹಾಕುವ ಅಡುಗೆ ಸೋಡಾದ ಒಂದು ಟೀ ಚಮಚದಲ್ಲಿ 1200 ಮಿಲಿಗ್ರಾಂಗೂ ಹೆಚ್ಚು ಸೋಡಿಯಂ ಇದೆ. ಬನ್ಸಿನ ಹಿಟ್ಟನ್ನು ಮೊಸರು, ಬಾಳೆಹಣ್ಣಿನೊಂದಿಗೆ ರಾತ್ರಿಯೇ ಕಲಸಿಟ್ಟರೆ ಅರ್ಧ ಸೋಡಾ ಸಾಕಾಗುತ್ತದೆ. ಪೊಟ್ಟಣದ ತಿಂಡಿಗಳ ಮೇಲೆ ಬರೆದಿರುವ ಸೋಡಿಯಂ ಪ್ರಮಾಣವನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ.

ಸೈಂಧವ ಉಪ್ಪಿನಲ್ಲಿ ಸೋಡಿಯಂ ಇಲ್ಲವೆಂಬ ನಂಬಿಕೆ ಸರಿಯಲ್ಲ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಬಳಸುವ ಅಲ್ಪ ಉಪ್ಪು ಅಯೋಡಿನ್ ಸೇರಿಸಿದ್ದಾಗಿರಲಿ. ‘ಲೋ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆಯಿರುವವರಿಗೆ ಮತ್ತು ರಕ್ತದೊತ್ತಡದ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯಕಾರಿ. ವೈದ್ಯರನ್ನು ಕೇಳದೆ ತರಬೇಡಿ. ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ಹಿರಿಯರಿದ್ದರೆ ಉಪ್ಪನ್ನು ಏಕಾಏಕಿ ಇಳಿಸುವ ಮೊದಲೂ ಕೇಳಲೇಬೇಕು, ಏಕೆಂದರೆ ಅವರಲ್ಲಿ ಸೋಡಿಯಂ ತೀರಾ ಕುಸಿಯುವ ಸಂಭವವಿದೆ.

ಉಳಿದವರೂ ನಿಧಾನವಾಗಿಯೇ ಇಳಿಸುವುದು ಒಳ್ಳೆಯದು. ನಾಲಗೆ ಹೊಸ ಹದಕ್ಕೆ ಒಗ್ಗಲು ಕೆಲವು ವಾರಗಳು ಬೇಕು. ಮೊದಲ ಪ್ಯಾಕೆಟ್ 31 ದಿನ ಬಂದಿದ್ದರೆ ಎರಡನೆಯದು 37 ದಿನ, ಮೂರನೆಯದು 44 ದಿನ ಬರುವಂತೆ ನೋಡಿಕೊಳ್ಳಿ, ಪ್ರತಿ ಸಲವೂ ಒಡೆದ ದಿನದ ತಾರೀಕನ್ನು ಮರೆಯದೆ ಬರೆಯಿರಿ.