ಮೊದಲ ಸಲ ಬ್ರಿಟನ್, ಐರ್ಲೆಂಡ್‌ಗೆ ಹೊರಟವರಿಗೆ

ಹೋದ ಬೇಸಿಗೆಯಲ್ಲಿ, ಇಲ್ಲಿ ಬ್ರಿಟನ್ನಿನಲ್ಲಿ ನಮ್ಮ ಪಕ್ಕದ ಬೀದಿಯ ಹುಬ್ಬಳ್ಳಿ ಹುಡುಗನೊಬ್ಬ ಊರಿನಿಂದ ಬಂದಿದ್ದ ಅಪ್ಪ ಅಮ್ಮನನ್ನು ಕರೆದುಕೊಂಡು ಡಬ್ಲಿನ್‌ಗೆ ಹೊರಟ. ಟಿಕೆಟ್ ಆಗಿತ್ತು, ಹೋಟೆಲ್ ಆಗಿತ್ತು. ಅವರಮ್ಮ ದಾರಿಗೆ ಅಂತ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದರು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಪಾಸ್‌ಪೋರ್ಟ್ ತಿರುವಿ ನೋಡಿ, "ನಿಮ್ಮ ಐರ್ಲೆಂಡ್ ವೀಸಾ ಎಲ್ಲಿ?" ಅಂತ ಕೇಳಿದರು. ಅಪ್ಪ ಅಮ್ಮನ ಪ್ರವಾಸಿ ವೀಸಾ ಸರಿಯಾಗಿತ್ತು. ಇಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದ ಮಗನದ್ದೇ ಸರಿ ಇರಲಿಲ್ಲ. ಮಗನನ್ನು ಬಿಟ್ಟು ಅವರಿಬ್ಬರೇ ಹೋಗುವ ಮಾತೇ ಇಲ್ಲ. ಮೂವರೂ ಮನೆಗೆ ಬಂದು ನಮ್ಮ ಅಡುಗೆಮನೆಯಲ್ಲಿ ಕೂತು ಆ ರೊಟ್ಟಿ ತಿಂದರು. ಅವತ್ತೇ ಇದನ್ನೆಲ್ಲ ಒಂದು ಕಡೆ ಬರೆದಿಡಬೇಕು ಅಂದುಕೊಂಡೆ.

ಎಲ್ಲಕ್ಕಿಂತ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಬ್ರಿಟನ್ ಬೇರೆ, ಐರ್ಲೆಂಡ್ ಬೇರೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಈ ನಾಲ್ಕೂ ಸೇರಿ ಯು.ಕೆ. ಇಲ್ಲಿ ಪೌಂಡ್ ನಡೆಯುತ್ತದೆ. ಡಬ್ಲಿನ್, ಗಾಲ್ವೇ, ಕಾರ್ಕ್ ಇರುವುದು ಐರ್ಲೆಂಡ್ ಎಂಬ ಸ್ವತಂತ್ರ ದೇಶದಲ್ಲಿ. ಅಲ್ಲಿ ಯೂರೋ. ಬೆಲ್‌ಫಾಸ್ಟ್ ಐರ್ಲೆಂಡ್ ದ್ವೀಪದಲ್ಲೇ ಇದ್ದರೂ ಯು.ಕೆ.ಗೆ ಸೇರಿದ್ದು. ಬೆಲ್‌ಫಾಸ್ಟಿನಿಂದ ಡಬ್ಲಿನ್‌ಗೆ ರೈಲಿನಲ್ಲಿ ಎರಡು ಗಂಟೆಯ ದಾರಿ. ನಡುವೆ ಗೇಟಿಲ್ಲ, ಚೆಕ್‌ಪೋಸ್ಟ್ ಇಲ್ಲ. ಕಾರಿನಲ್ಲಿ ಹೋದರೆ ರಸ್ತೆ ಬದಿಯ ಬೋರ್ಡಿನಲ್ಲಿ ಮೈಲಿ ಹೋಗಿ ಕಿಲೋಮೀಟರ್ ಬಂದಿರುತ್ತದೆ. ಫೋನಿಗೆ ರೋಮಿಂಗ್ ಮೆಸೇಜ್ ಬರುತ್ತದೆ. ದೇಶ ಬದಲಾಯಿತು ಅಂತ ಗೊತ್ತಾಗುವುದು ಅಷ್ಟರಿಂದಲೇ. ಆದರೆ ಗಡಿ ಕಣ್ಣಿಗೆ ಕಾಣುವುದಿಲ್ಲ ಅಂದಮಾತ್ರಕ್ಕೆ ವೀಸಾ ಬೇಡ ಅಂತಲ್ಲ. ದಾರಿ ಮಧ್ಯೆ ಬಸ್ಸು ನಿಲ್ಲಿಸಿ ಕಾಗದ ಕೇಳುವುದೂ ಉಂಟು.

ಭಾರತದ ಪಾಸ್‌ಪೋರ್ಟ್ ಇರುವ ಪ್ರವಾಸಿಗಳಿಗೆ ಒಂದು ಅನುಕೂಲ ಇದೆ. ಬ್ರಿಟಿಷ್-ಐರಿಷ್ ವೀಸಾ ಯೋಜನೆ ಅಂತ ಅದರ ಹೆಸರು. ನಿಮ್ಮ ಪ್ರವಾಸಿ ವೀಸಾದ ಮೇಲೆ 'ಬಿ.ಐ.ವಿ.ಎಸ್.' ಅಂತ ಅಚ್ಚಾಗಿದ್ದರೆ ಅದೇ ವೀಸಾದಲ್ಲಿ ಎರಡೂ ದೇಶ ನೋಡಬಹುದು. ಒಂದೇ ಷರತ್ತು, ವೀಸಾ ಕೊಟ್ಟ ದೇಶಕ್ಕೆ ಮೊದಲು ಹೋಗಬೇಕು. ಲಂಡನ್ನಿಗೆ ಅಂತ ವೀಸಾ ತೆಗೆದುಕೊಂಡು ನೇರವಾಗಿ ಡಬ್ಲಿನ್‌ನಲ್ಲಿ ಇಳಿಯುವಂತಿಲ್ಲ. ಇಲ್ಲಿ ಕೆಲಸಕ್ಕೋ ಓದಿಗೋ ಬಂದವರ ವೀಸಾಕ್ಕೆ ಈ ಅನುಕೂಲ ಇಲ್ಲ. ಅವರು ಐರ್ಲೆಂಡ್ ವೀಸಾವನ್ನು ಬೇರೆಯಾಗಿಯೇ ಹಾಕಬೇಕು. ನಮ್ಮ ಹುಬ್ಬಳ್ಳಿ ಹುಡುಗ ತಪ್ಪಿದ್ದು ಇಲ್ಲೇ. ಫ್ರಾನ್ಸ್, ಜರ್ಮನಿಗೆ ಅಂತ ಮಾಡಿಸಿದ ಷೆಂಗೆನ್ ವೀಸಾ ಬ್ರಿಟನ್, ಐರ್ಲೆಂಡ್ ಎರಡರಲ್ಲೂ ನಡೆಯುವುದಿಲ್ಲ. ವೀಸಾ ನಿಯಮ ಆಗಾಗ ಬದಲಾಗುತ್ತದೆ. ಹಾಗಾಗಿ ಟಿಕೆಟ್ ಮಾಡಿಸುವ ಮುಂಚೆ ಎರಡೂ ಸರ್ಕಾರದ ವೆಬ್‌ಸೈಟ್ ನೀವೇ ತೆರೆದು ನೋಡಿ. ಯಾರೋ ವಾಟ್ಸಾಪಿನಲ್ಲಿ ಹೇಳಿದರು ಅಂತ ನಂಬಿ ಹೊರಡಬೇಡಿ. ನಾನು ಹೇಳಿದ್ದನ್ನೂ ಒಮ್ಮೆ ಅಲ್ಲಿ ಪರೀಕ್ಷಿಸಿಕೊಳ್ಳಿ.

ಸೂಟ್‌ಕೇಸಿನ ವಿಷಯಕ್ಕೆ ಬರೋಣ. ಮಗಳು ಪರದೇಶದಲ್ಲಿದ್ದಾಳೆ, ಧಾರವಾಡ ಪೇಡ ತಿನ್ನದೆ ಎಷ್ಟು ದಿನವಾಯಿತೋ ಅಂತ ನಿಮಗೆ ಅನಿಸುತ್ತದೆ, ನಿಜ. ಆದರೆ ಹಾಲು, ತುಪ್ಪ, ಪೇಡ, ಮಾಂಸ ಇದ್ಯಾವುದನ್ನೂ ಭಾರತದಿಂದ ಇಲ್ಲಿಗೆ ತರುವಂತಿಲ್ಲ. ಐರ್ಲೆಂಡಿಗೂ ಅಷ್ಟೇ. ಸಿಕ್ಕರೆ ಕಸದ ಡಬ್ಬಿಗೆ ಹಾಕುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳ, ಎಣ್ಣೆಯಲ್ಲಿ ಕರಿದ ಚಕ್ಕುಲಿ ಇಂಥವು ತನ್ನಿ. ತುಪ್ಪ ಇಲ್ಲಿನ ಅಂಗಡಿಯಲ್ಲೇ ಸಿಗುತ್ತದೆ. ಅಕ್ಕಿ, ಬೇಳೆ ಹೊತ್ತು ತರುವ ಅಗತ್ಯವೇ ಇಲ್ಲ. ಅದರ ಜಾಗದಲ್ಲಿ ಮಾತ್ರೆ ಇಡಿ. ದಿನಾ ತೆಗೆದುಕೊಳ್ಳುವ ಬಿ.ಪಿ., ಶುಗರ್ ಮಾತ್ರೆಗಳು ಪೂರ್ತಿ ದಿನಗಳಿಗೆ ಆಗುವಷ್ಟು ಇರಲಿ, ಜೊತೆಗೆ ಡಾಕ್ಟರ್ ಚೀಟಿ ಇರಲಿ. ಎರಡೂ ಕೈಚೀಲದಲ್ಲೇ ಇರಬೇಕು. ಊರಿನಲ್ಲಿ ಮೆಡಿಕಲ್ ಶಾಪಿಗೆ ಹೋಗಿ ಹೆಸರು ಹೇಳಿದರೆ ಕೊಟ್ಟುಬಿಡುತ್ತಾರೆ, ಅಲ್ವಾ? ಇಲ್ಲಿ ಚೀಟಿ ಇಲ್ಲದೆ ಆಂಟಿಬಯಾಟಿಕ್ ಸಿಗುವುದಿಲ್ಲ. ಪ್ರಯಾಣದ ವಿಮೆ ಖಂಡಿತ ಮಾಡಿಸಿ. ತುರ್ತು ವಿಭಾಗದಲ್ಲಿ ನೋಡುವುದಕ್ಕೆ ಬ್ರಿಟನ್ನಿನಲ್ಲಿ ದುಡ್ಡು ಕೇಳುವುದಿಲ್ಲ. ಆದರೆ ಆಸ್ಪತ್ರೆಗೆ ಸೇರಿಸಿಕೊಂಡರೆ ಪ್ರವಾಸಿಗಳಿಗೆ ಬಿಲ್ ಬರುತ್ತದೆ, ಅದು ಸಣ್ಣದಲ್ಲ.

ಊರಿನ ಬೀರುವಿನಲ್ಲಿ ಹಳೆಯ ಪೌಂಡ್ ನೋಟು ಇದ್ದರೆ ಒಮ್ಮೆ ಮುಟ್ಟಿ ನೋಡಿ. ಕಾಗದದ್ದಾದರೆ ಅಂಗಡಿಯಲ್ಲಿ ನಡೆಯುವುದಿಲ್ಲ. ಕಾಗದದ 20 ಮತ್ತು 50 ಪೌಂಡ್ ನೋಟುಗಳ ಚಲಾವಣೆ 2022ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಈಗಿರುವುದೆಲ್ಲ ಪ್ಲಾಸ್ಟಿಕ್ ನೋಟು. ಹಾಗಂತ ಹಳೆಯದನ್ನು ಎಸೆಯಬೇಡಿ, ಬ್ಯಾಂಕ್ ಆಫ್ ಇಂಗ್ಲೆಂಡ್ ಬದಲಾಯಿಸಿ ಕೊಡುತ್ತದೆ. ಸ್ಕಾಟ್ಲೆಂಡಿನ ಬ್ಯಾಂಕುಗಳು ತಮ್ಮದೇ ನೋಟು ಅಚ್ಚು ಹಾಕುತ್ತವೆ. ಅದೂ ಪೌಂಡೇ, ಬೆಲೆಯೂ ಅಷ್ಟೇ. ಆದರೂ ಇಂಗ್ಲೆಂಡಿನ ಕೆಲವು ಅಂಗಡಿಯವರು ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತಾರೆ. ಎಡಿನ್‌ಬರೋದಿಂದ ಹೊರಡುವ ಮುಂಚೆ ಅವನ್ನು ಅಲ್ಲೇ ಖರ್ಚು ಮಾಡಿಬಿಡಿ.

ಈಗ ಸ್ನಾನದ ಮನೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಪ್ರವಾಸದ ಪುಸ್ತಕಗಳಲ್ಲಿ ಇದು ಇರುವುದಿಲ್ಲ. ನಮ್ಮಮ್ಮ ಮೊದಲ ಸಲ ಬಂದಾಗ ನಾನು ಏನೂ ಹೇಳಿಕೊಟ್ಟಿರಲಿಲ್ಲ. ಬಕೆಟ್ಟು, ಚೊಂಬು ಕೊಟ್ಟು ಕೆಲಸಕ್ಕೆ ಹೋಗಿದ್ದೆ. ಅಮ್ಮ ಟಬ್ಬಿನ ಪಕ್ಕ ನೆಲದ ಮೇಲೆ ಕೂತು ಊರಿನಲ್ಲಿ ಮಾಡುವ ಹಾಗೇ ತಲೆ ಮೇಲೆ ನೀರು ಹೊಯ್ದುಕೊಂಡು ಸ್ನಾನ ಮಾಡಿದ್ದಾರೆ. ಸಂಜೆ ನಾನು ಬಂದಾಗ ಕೆಳಗಿನ ಅಡುಗೆಮನೆಯ ದೀಪದ ಸುತ್ತ ನೀರು ತೊಟ್ಟಿಕ್ಕುತ್ತಿತ್ತು. ಅಮ್ಮ ಅದರ ಕೆಳಗೆ ಪಾತ್ರೆ ಇಟ್ಟು, ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದರು. ತಪ್ಪು ಅವರದ್ದಲ್ಲ. ಇಲ್ಲಿನ ಮನೆಗಳ ಮೇಲಿನ ಮಹಡಿಯ ನೆಲ ಸಾಮಾನ್ಯವಾಗಿ ಮರದ ಹಲಗೆಯದ್ದು. ಬಚ್ಚಲಿನಲ್ಲಿ ನೀರು ಹೋಗಲು ತೂತು ಇರುವುದಿಲ್ಲ. ನೀರೆಲ್ಲ ಟಬ್ಬಿನ ಒಳಗೇ ಬೀಳಬೇಕು. ಬಕೆಟ್ ಬೇಕೇ ಬೇಕು ಅಂದರೆ ಅದನ್ನೂ ಟಬ್ಬಿನೊಳಗೆ ಇಟ್ಟುಕೊಳ್ಳಿ. ಷವರ್ ಪರದೆಯ ಅಂಚು ಟಬ್ಬಿನ ಒಳಗಡೆ ಇರಲಿ, ಹೊರಗೆ ಬಿಟ್ಟರೆ ನೀರೆಲ್ಲ ನೆಲಕ್ಕೆ. ವಯಸ್ಸಾದವರು ಟಬ್ಬಿಗೆ ಕಾಲಿಡುವಾಗ ಜಾರುತ್ತದೆ, ಒಂದು ರಬ್ಬರ್ ಮ್ಯಾಟ್ ತಂದಿಡಿ. ಹಳೆಯ ಮನೆಗಳಲ್ಲಿ ಬಿಸಿನೀರಿಗೊಂದು, ತಣ್ಣೀರಿಗೊಂದು ನಲ್ಲಿ ಇರುತ್ತದೆ. ಬಿಸಿನೀರಿನ ನಲ್ಲಿಗೆ ನೇರ ಕೈ ಒಡ್ಡಬೇಡಿ, ಸುಡುತ್ತದೆ. ಬಚ್ಚಲ ದೀಪಕ್ಕೆ ಚಾವಣಿಯಿಂದ ಇಳಿಬಿಟ್ಟ ದಾರ ಎಳೆಯಬೇಕು. ಗೋಡೆಯಲ್ಲಿ ಸ್ವಿಚ್ ಹುಡುಕಿ ಸುಸ್ತಾಗಬೇಡಿ. ಆದರೆ ಹೋಟೆಲಿನಲ್ಲೋ ಸಾರ್ವಜನಿಕ ಶೌಚಾಲಯದಲ್ಲೋ ನೆಲದವರೆಗೆ ಇಳಿಬಿಟ್ಟ ಕೆಂಪು ದಾರ ಕಂಡರೆ ಅದನ್ನು ಸುಮ್ನೆ ಎಳೆಯಬೇಡಿ, ಅದು ಸಹಾಯಕ್ಕೆ ಕರೆಯುವ ಗಂಟೆ. ಶೌಚಾಲಯದಲ್ಲಿ ನೀರಿನ ಪೈಪ್ ಇರುವುದಿಲ್ಲ. ಹೊರಗೆ ಹೋಗುವಾಗ ಚೀಲದಲ್ಲಿ ಖಾಲಿ ಬಾಟಲಿ ಇರಲಿ. ನಾಚಿಕೆ ಪಡುವ ವಿಷಯ ಅಲ್ಲ, ನಾವೆಲ್ಲ ಇಟ್ಟುಕೊಳ್ಳುತ್ತೇವೆ.

ನಮ್ಮ ಊರಿನ ದುಂಡು ಪಿನ್ನಿನ ಪ್ಲಗ್ ಎರಡೂ ದೇಶಗಳಲ್ಲಿ ಕೂರುವುದಿಲ್ಲ. ಚಪ್ಪಟೆ ಮೂರು ಪಿನ್ನಿನ ಅಡಾಪ್ಟರ್ ತನ್ನಿ. ಕರೆಂಟ್ ನಮ್ಮಲ್ಲಿರುವಷ್ಟೇ, ಹಾಗಾಗಿ ಚಾರ್ಜರ್‌ಗೆ ಏನೂ ಆಗುವುದಿಲ್ಲ.

ಚಳಿಗೆ ಒಂದೇ ದಪ್ಪ ಸ್ವೆಟರ್ ಬದಲು ತೆಳ್ಳಗಿನ ಎರಡು ಮೂರು ಬಟ್ಟೆ ಒಂದರ ಮೇಲೊಂದು ಹಾಕಿಕೊಳ್ಳುವುದು ಒಳ್ಳೆಯದು. ಅಂಗಡಿ, ರೈಲು ಎಲ್ಲ ಕಡೆ ಒಳಗೆ ಬೆಚ್ಚಗಿರುತ್ತದೆ, ಬಿಚ್ಚಬೇಕಾಗುತ್ತದೆ. ಮಳೆ ನಮ್ಮ ಮಲೆನಾಡಿನ ಹಾಗೆ ಧೋ ಅಂತ ಸುರಿಯುವುದು ಕಡಿಮೆ. ಜಿಟಿಜಿಟಿ ಹನಿ, ಜೊತೆಗೆ ಗಾಳಿ. ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಳಿಗೆ ಕೊಡೆ ಎರಡು ನಿಮಿಷವೂ ನಿಲ್ಲುವುದಿಲ್ಲ. ಟೋಪಿ ಇರುವ ಜರ್ಕಿನ್ ತನ್ನಿ. ಬೆಳಕಿನ ಲೆಕ್ಕ ಇಟ್ಟುಕೊಳ್ಳಿ, ಇದು ಮುಖ್ಯ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲೆ. ಚಳಿಗಾಲದಲ್ಲಿ ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಕ್ರಿಸ್‌ಮಸ್ ದಿನವಂತೂ ಎಲ್ಲಿಗೂ ಹೋಗುವ ಯೋಜನೆ ಬೇಡ. ಡಿಸೆಂಬರ್ 25ಕ್ಕೆ ರೈಲಿಲ್ಲ, ಲಂಡನ್ನಿನಲ್ಲಿ ಬಸ್ಸೂ ಇಲ್ಲ, ದೊಡ್ಡ ಅಂಗಡಿಗಳೂ ಮುಚ್ಚಿರುತ್ತವೆ. ಹಿಂದಿನ ದಿನವೇ ಹಾಲು, ತರಕಾರಿ ತಂದಿಟ್ಟುಕೊಳ್ಳಿ.

ಲಂಡನ್ನಿನಲ್ಲಿ ಓಡಾಡಲು ಟಿಕೆಟ್ ಕೊಳ್ಳಬೇಕಿಲ್ಲ. ಮುಟ್ಟಿಸಿದರೆ ಹಣ ಹೋಗುವ ಬ್ಯಾಂಕ್ ಕಾರ್ಡ್ ಅಥವಾ ಅಲ್ಲಿನ ಬಸ್ಸು, ಮೆಟ್ರೋಗೆ ಅಂತಲೇ ಇರುವ ಆಯ್ಸ್ಟರ್ ಕಾರ್ಡ್ ಸಾಕು. ಮೆಟ್ರೋದಲ್ಲಿ ಹತ್ತುವಾಗಲೂ ಮುಟ್ಟಿಸಿ, ಇಳಿಯುವಾಗಲೂ ಮುಟ್ಟಿಸಿ. ಬಸ್ಸಿನಲ್ಲಿ ಹತ್ತುವಾಗ ಮಾತ್ರ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದೇ ಇಲ್ಲ. ದಿನವಿಡೀ ಒಂದೇ ಕಾರ್ಡ್ ಬಳಸಿದರೆ ಒಂದು ಮಿತಿ ದಾಟಿದ ಮೇಲೆ ದುಡ್ಡು ಕಡಿಯುವುದು ನಿಲ್ಲುತ್ತದೆ. ಬೆಳಿಗ್ಗೆ ಕಾರ್ಡ್, ಸಂಜೆ ಅದೇ ಕಾರ್ಡನ್ನು ಫೋನಿನಿಂದ ಅಂತ ಬದಲಾಯಿಸಿದರೆ ಲೆಕ್ಕ ಬೇರೆ ಬೇರೆಯಾಗಿ ಜಾಸ್ತಿ ಹೋಗುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಒಂದೇ ಕಾರ್ಡ್ ನಡೆಯುವುದಿಲ್ಲ, ತಲೆಗೊಂದು ಬೇಕು. ಡಬ್ಲಿನ್‌ನಲ್ಲಿ ಬಸ್ಸು, ಲುವಾಸ್ ಟ್ರಾಮ್ ಎರಡಕ್ಕೂ ಲೀಪ್ ಕಾರ್ಡ್ ತೆಗೆದುಕೊಳ್ಳಿ. ಬಸ್ಸು ಬಂದಾಗ ಸ್ಟಾಪಿನಲ್ಲಿ ಕೈ ಚಾಚಬೇಕು, ಸುಮ್ನೆ ನಿಂತರೆ ಹೋಗಿಬಿಡಬಹುದು. ಇಳಿಯುವಾಗ ಡ್ರೈವರ್‌ಗೆ ಥ್ಯಾಂಕ್ಯೂ ಹೇಳುವುದು ಐರ್ಲೆಂಡಿನಲ್ಲೂ ಬ್ರಿಟನ್ನಿನ ಎಷ್ಟೋ ಊರುಗಳಲ್ಲೂ ರೂಢಿ. ನನಗಂತೂ ಈ ದೇಶಗಳ ಬಗ್ಗೆ ಮೊದಲು ಹಿಡಿಸಿದ್ದೇ ಅದು.

ದೂರದ ರೈಲಿಗೆ ಮಾತ್ರ ಅವತ್ತೇ ಹೋಗಿ ಟಿಕೆಟ್ ಕೊಳ್ಳಬೇಡಿ. ಲಂಡನ್ನಿನಿಂದ ಎಡಿನ್‌ಬರೋಗೆ ಸುಮಾರು ನಾಲ್ಕೂವರೆ ಗಂಟೆ. ಕೆಲವು ವಾರ ಮುಂಚೆ 'ಅಡ್ವಾನ್ಸ್' ಟಿಕೆಟ್ ತೆಗೆದರೆ ಎಷ್ಟೋ ಅಗ್ಗ. 60 ದಾಟಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಇದೆ, ಪಾಸ್‌ಪೋರ್ಟ್ ತೋರಿಸಿ ಪ್ರವಾಸಿಗಳೂ ಮಾಡಿಸಬಹುದು. ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಅಪ್ಪ ಅಮ್ಮ ಬರುವುದಿದ್ದರೆ ಮರೆಯಬೇಡಿ. ಆ ರೈಲಿನಲ್ಲಿ ಹೋಗುವಾಗ ಬಲಗಡೆಯ ಸೀಟು ಹಿಡಿಯಿರಿ. ನ್ಯೂಕಾಸಲ್ ದಾಟಿದ ಮೇಲೆ ಹಳಿ ಸಮುದ್ರದ ಮಗ್ಗುಲಿಗೇ ಬರುತ್ತದೆ. ಕಾರವಾರದ ಕಡೆಯವರು ಯಾರಾದರೂ ಜೊತೆಗಿದ್ದರೆ ಆಗ ಅವರ ಮಾತೇ ನಿಂತುಹೋಗುತ್ತದೆ.

ಸಸ್ಯಾಹಾರಿಗಳಿಗೆ ಈಗ ಕಷ್ಟವಿಲ್ಲ. ಆದರೂ ಕೇಳಿ ತಿನ್ನಿ. ಉತ್ತರ ಇಂಗ್ಲೆಂಡಿನ ಕೆಲವು ಅಂಗಡಿಗಳಲ್ಲಿ ಆಲೂಗಡ್ಡೆ ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ತರಕಾರಿ ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕಿರಬಹುದು. ಜೆಲ್ಲಿ ಮಿಠಾಯಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್ ಇರುತ್ತದೆ. ನಲ್ಲಿ ನೀರು ಧಾರಾಳವಾಗಿ ಕುಡಿಯಿರಿ, ಹೋಟೆಲಿನಲ್ಲೂ ನಲ್ಲಿ ನೀರೇ ಕೊಡಿ ಅಂತ ಕೇಳಬಹುದು. ಅಂಗಡಿಯವರು "ಆಲ್‌ರೈಟ್?" ಅಂದರೆ ನಿಮ್ಮ ಆರೋಗ್ಯ ವಿಚಾರಿಸುತ್ತಿಲ್ಲ, ಅದು ನಮ್ಮ 'ಏನ್ ಸಮಾಚಾರ' ಇದ್ದ ಹಾಗೆ. ಮಂಡಿನೋವಿನ ಕಥೆ ಬೇಡ, ನಕ್ಕು 'ಹಲೋ' ಅಂದರೆ ಸಾಕು.

ಏನು ನೋಡಬೇಕು ಅಂತ ಪಟ್ಟಿ ಕೊಡುವುದಿಲ್ಲ, ಅದು ಎಲ್ಲ ಕಡೆ ಸಿಗುತ್ತದೆ. ನಮ್ಮವರಿಗೆ ಅಂತ ಮೂರು ಜಾಗ ಮಾತ್ರ ಹೇಳುತ್ತೇನೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಮರದ ಹುಲಿ ಇದೆ. ಬಿದ್ದ ಸಿಪಾಯಿಯ ಮೇಲೆ ಹುಲಿ ಕೂತಿದೆ, ಅದರ ಹೊಟ್ಟೆಯೊಳಗೆ ಆರ್ಗನ್ ವಾದ್ಯ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿಗೆ ಬಂದದ್ದು. ಪ್ರವೇಶ ಉಚಿತ. ಅದರ ಮುಂದೆ ಅವಸರ ಮಾಡಬೇಡಿ.

ಎರಡನೆಯದು ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ. ಲಾವಾ ತಣ್ಣಗಾಗಿ ಬಿರುಕು ಬಿಟ್ಟು ಆದ ಸುಮಾರು 40,000 ಕಲ್ಲುಕಂಬಗಳು ಕಡಲಿಗೆ ಇಳಿದಿವೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಇಂಥದ್ದೇ ಕಂಬಗಳನ್ನು ನೋಡಿರುತ್ತೀರಿ. ಕಲ್ಲಿನ ಮೇಲೆ ನಡೆಯಲು ದುಡ್ಡಿಲ್ಲ, ಕಾರ್ ಪಾರ್ಕಿಂಗ್ ಮತ್ತು ಪ್ರದರ್ಶನ ಕೇಂದ್ರಕ್ಕೆ ಮಾತ್ರ. ಕಲ್ಲು ಕಪ್ಪಗಿರುವ ಕಡೆ ಕಾಲಿಡಬೇಡಿ, ಅದು ಒದ್ದೆ, ಜಾರುತ್ತದೆ.

ಮೂರನೆಯದು ಥೇಮ್ಸ್ ದಂಡೆಯ ಬಸವಣ್ಣನವರ ಪುತ್ಥಳಿ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು. ವಾಕ್ಸ್‌ಹಾಲ್ ಸ್ಟೇಷನ್ನಿನಲ್ಲಿ ಇಳಿದು, ನದಿಯನ್ನು ಎಡಕ್ಕೆ ಇಟ್ಟುಕೊಂಡು ಲ್ಯಾಂಬೆತ್ ಸೇತುವೆಯ ಕಡೆಗೆ ನಡೆಯಿರಿ. ದಾರಿ ಸಮತಟ್ಟು, ಅಜ್ಜಿ ತಾತನಿಗೂ ಆಗುತ್ತದೆ, ನಡುವೆ ಕೂರಲು ಬೆಂಚುಗಳಿವೆ. ಸಂಜೆ ಹೊತ್ತಿಗೆ ಹೋಗಿ, ಆಚೆ ದಡದಲ್ಲಿ ಪಾರ್ಲಿಮೆಂಟಿನ ದೀಪಗಳು ಹತ್ತಿರುತ್ತವೆ. ನದಿ ಗಾಳಿ ಜೋರು, ಅಮ್ಮನಿಗೆ ಒಂದು ಶಾಲು ಜಾಸ್ತಿಯೇ ಇರಲಿ.